ಮನೆಗೆ ಬಂದ ಚಿತ್ರದ ಯಂತ್ರ

(ಬಾಪೂಜಿ ನಗರದಲ್ಲಿ ಹೊಸದಾಗಿ ಓದು ಕಲಿತ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)



ಇವತ್ತು ಒಂದು ಯಂತ್ರದ ವಿಷಯ ಮಾತಾಡೋಣ. ಅದು ಚಿತ್ರ ಬರೆಯುವ ಯಂತ್ರ. ಅದು ಕುಂಚ ಹಿಡಿಯುವುದಿಲ್ಲ. ಬಣ್ಣ ಕಲಸುವುದಿಲ್ಲ. ಏನು ಬೇಕು ಅಂತ ನಾವು ಮಾತಿನಲ್ಲಿ ಬರೆದುಕೊಟ್ಟರೆ ಸಾಕು. ಅದು ಚಿತ್ರ ಮಾಡಿ ಕೊಡುತ್ತದೆ. ಇದಕ್ಕೆ ಎಲ್ಲರೂ ‘ಎಐ’ ಅಂತಾರೆ. ಪುಸ್ತಕದ ಮಾತಿನಲ್ಲಿ ಕೃತಕ ಬುದ್ಧಿಮತ್ತೆ. ಹೆಸರು ದೊಡ್ಡದು. ಹೆದರಬೇಡಿ. ಒಳಗಿನ ವಿಷಯ ಅಷ್ಟು ಕಷ್ಟ ಇಲ್ಲ.

“ಇದು ನಮಗ್ಯಾಕಮ್ಮ? ನಾವು ಊದುಬತ್ತಿ ಹೊಸೆಯೋರು, ಗಾರ್ಮೆಂಟ್ಸ್‌ಗೆ ಹೋಗೋರು” ಅಂತ ನೀವು ಕೇಳಬಹುದು. ನಿಮಗೇ ಬೇಕು. ಯಾಕೆ ಅಂದರೆ ಇಂಥ ಚಿತ್ರ ಆಗಲೇ ನಿಮ್ಮ ಫೋನಿಗೆ ಬಂದಿದೆ. ನೀವು ನೋಡಿದ್ದೀರಿ. ಗೊತ್ತಿಲ್ಲದೆ ಬೇರೆಯವರಿಗೆ ಕಳಿಸಿಯೂ ಇರುತ್ತೀರಿ.

ಒಂದು ಉದಾಹರಣೆ ಕೊಡ್ತೀನಿ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆ ಆಯಿತು. ಆ ವಿಗ್ರಹ ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಅದಾದ ಕೂಡಲೇ ಒಂದು ವಿಡಿಯೊ ಊರೆಲ್ಲ ಓಡಾಡಿತು. ವಿಗ್ರಹ ಕಣ್ಣು ಮಿಟುಕಿಸುತ್ತದೆ, ನಗುತ್ತದೆ. ಎಷ್ಟೋ ಜನ ಕೈ ಮುಗಿದರು. ಆದರೆ ಅದು ಗುಡಿಯಲ್ಲಿ ತೆಗೆದದ್ದಲ್ಲ. ಕಂಪ್ಯೂಟರಿನಲ್ಲಿ ಮಾಡಿದ್ದು. ಕೈ ಮುಗಿದದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಭಕ್ತಿ ನಿಮ್ಮದು. ಆದರೆ ಕಣ್ಣಿಗೆ ಕಂಡದ್ದು ನಡೆದದ್ದಲ್ಲ ಅನ್ನೋದು ಗೊತ್ತಿರಬೇಕು, ಅಲ್ಲವೆ?

ಈಗ ಈ ಯಂತ್ರ ಕೆಲಸ ಮಾಡುವ ಬಗೆ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇದು ತಿಳಿದರೆ ಮುಂದಿನದೆಲ್ಲ ಸುಲಭ.

ಅಂಗಳದಲ್ಲಿ ನೀವು ಒಂದು ರಂಗೋಲಿ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಒಂದು ಚಿಟಿಕೆ ಮರಳು ಚೆಲ್ಲಿ. ರಂಗೋಲಿ ಇನ್ನೂ ಕಾಣುತ್ತದೆ. ಇನ್ನೊಂದು ಹಿಡಿ ಚೆಲ್ಲಿ. ಮಸುಕಾಗುತ್ತದೆ. ಚೆಲ್ಲುತ್ತಾ ಹೋಗಿ. ಕೊನೆಗೆ ಬರೀ ಮರಳು. ಈಗ ಒಂದು ಮಗುವನ್ನು ಕೂರಿಸಿಕೊಂಡು ಪ್ರತಿ ಸಲವೂ ಕೇಳಿ: “ಇದರಲ್ಲಿ ಮರಳು ಯಾವುದು, ರಂಗೋಲಿ ಯಾವುದು?” ಮೊದಲು ತಪ್ಪು ಹೇಳುತ್ತದೆ. ತಿದ್ದಿ. ಮತ್ತೆ ಕೇಳಿ. ಹೀಗೆ ಸಾವಿರ ಅಲ್ಲ, ಲಕ್ಷ ಅಲ್ಲ, ಕೋಟಿಗಟ್ಟಲೆ ಸಲ ಮಾಡಿಸಿದರೆ ಆ ಮಗು ಮರಳು ತೆಗೆಯೋದರಲ್ಲಿ ಪಳಗಿಬಿಡುತ್ತದೆ.

ಯಂತ್ರಕ್ಕೂ ಹೀಗೇ ಕಲಿಸಿದರು. ನಿಜವಾದ ಚಿತ್ರಗಳ ಮೇಲೆ ಚುಕ್ಕಿ ಚೆಲ್ಲಿದರು. ಹಳೇ ಟಿವಿಯಲ್ಲಿ ಚಾನೆಲ್ ಬಾರದಿದ್ದಾಗ ಇರುವೆ ಹರಿದಾಡಿದ ಹಾಗೆ ಕಾಣುತ್ತಿತ್ತಲ್ಲ, ಅಂಥ ಚುಕ್ಕಿ. ಆಮೇಲೆ ಚುಕ್ಕಿ ತೆಗೆಯೋದು ಕಲಿಸಿದರು. ಪ್ರತಿ ಚಿತ್ರದ ಜೊತೆ ಒಂದು ಸಾಲು ಮಾತೂ ಇತ್ತು. ‘ಮರದ ಕೆಳಗೆ ಹಸು’, ‘ಕೆಂಪು ಸೀರೆಯ ಹೆಂಗಸು’, ಹೀಗೆ.

ಕಲಿತಾದ ಮೇಲೆ ತಮಾಷೆ ನೋಡಿ. ಯಂತ್ರದ ಮುಂದೆ ಬರೀ ಚುಕ್ಕಿ ಇಡುತ್ತಾರೆ. ಕೆಳಗೆ ಏನೂ ಇಲ್ಲ. ಆದರೂ “ಇದರೊಳಗೆ ಕೆಂಪು ಸೀರೆಯ ಹೆಂಗಸು ಇದ್ದಾಳೆ, ಚುಕ್ಕಿ ತೆಗೆ” ಅನ್ನುತ್ತಾರೆ. ಯಂತ್ರ ನಂಬಿಕೊಂಡು ಚುಕ್ಕಿ ತೆಗೆಯುತ್ತದೆ. ಇಪ್ಪತ್ತು ಮೂವತ್ತು ಸಲ ತೆಗೆಯುವಷ್ಟರಲ್ಲಿ ಒಬ್ಬ ಹೆಂಗಸು ಕಾಣುತ್ತಾಳೆ. ಆ ಹೆಂಗಸು ಎಲ್ಲೂ ಹುಟ್ಟಿಲ್ಲ. ಅವಳಿಗೆ ಊರಿಲ್ಲ, ತಾಯಿಯಿಲ್ಲ. ಯಾರೂ ಹಾಕದ ರಂಗೋಲಿ ಮರಳಿನೊಳಗಿಂದ ಎದ್ದು ಬಂದ ಹಾಗೆ.

ಇಷ್ಟೇ ಇದರ ಗುಟ್ಟು. ಮಾಟ ಮಂತ್ರ ಏನಿಲ್ಲ. ಲೆಕ್ಕ.

ಕಲಿಸೋದಕ್ಕೆ ಚಿತ್ರ ಎಲ್ಲಿಂದ ತಂದರು? ಇಂಟರ್‌ನೆಟ್ಟಿನಲ್ಲಿ ಜನ ಹಾಕಿದ್ದ ಚಿತ್ರಗಳಿಂದ. ಒಂದು ದೊಡ್ಡ ಸಂಗ್ರಹದಲ್ಲಿ ಚಿತ್ರ ಮತ್ತು ಅದರ ಮಾತು ಸೇರಿದ ಜೋಡಿಗಳು 500 ಕೋಟಿಗೂ ಹೆಚ್ಚು ಇದ್ದವು. ಚಿತ್ರ ಬರೆದವರನ್ನು, ಫೋಟೊ ತೆಗೆದವರನ್ನು ಒಬ್ಬೊಬ್ಬರಾಗಿ ಕೇಳಿ ತಗೊಂಡದ್ದಲ್ಲ. ಇದಕ್ಕಾಗಿ ಬೇರೆ ದೇಶಗಳಲ್ಲಿ ಕಲಾವಿದರು ಕೋರ್ಟಿಗೆ ಹೋಗಿದ್ದಾರೆ. ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಆ ಚಿತ್ರಗಳ ಜೊತೆ ಇದ್ದ ಮಾತಿನಲ್ಲಿ ಇಂಗ್ಲಿಷಿನದೇ ದೊಡ್ಡ ಪಾಲು. ಹಾಗಾಗಿ ಯಂತ್ರಕ್ಕೆ ನಮ್ಮ ಕಡೆಯ ಬದುಕು ಸರಿಯಾಗಿ ಗೊತ್ತಿಲ್ಲ. ಮುದ್ದೆ ಬರೆ ಅಂದರೆ ಸಿಹಿ ಉಂಡೆಯ ಥರ ಬರೆದದ್ದನ್ನು ನಾನೇ ನೋಡಿದ್ದೇನೆ. ಪಕ್ಕದಲ್ಲಿ ಚಮಚ ಬೇರೆ! ಮುದ್ದೆಗೆ ಚಮಚ ಇಟ್ಟವರನ್ನು ನೀವು ಕಂಡಿದ್ದೀರಾ?

ನಗೋ ವಿಷಯ ಬಿಡಿ, ಇನ್ನೊಂದು ಇದೆ. 2023ರಲ್ಲಿ ಬ್ಲೂಮ್‌ಬರ್ಗ್ ಎಂಬ ಸುದ್ದಿ ಸಂಸ್ಥೆ ಒಂದು ಪರೀಕ್ಷೆ ಮಾಡಿತು. ಇಂಥ ಒಂದು ಯಂತ್ರಕ್ಕೆ ಬೇರೆ ಬೇರೆ ಉದ್ಯೋಗದವರನ್ನು ಬರೆ ಅಂತ ಸಾವಿರಾರು ಸಲ ಹೇಳಿದರು. ಹೆಚ್ಚು ಸಂಬಳದ ಕೆಲಸ ಅಂದರೆ ಬೆಳ್ಳಗಿನ ಗಂಡಸರು ಬಂದರು. ಕಡಿಮೆ ಕೂಲಿಯ ಕೆಲಸ ಅಂದರೆ ಕಪ್ಪಗಿನವರು ಬಂದರು. ನ್ಯಾಯಾಧೀಶರನ್ನು ಬರೆ ಅಂದರೆ ಹೆಂಗಸರು ಬಂದದ್ದು ತೀರಾ ಅಪರೂಪ. ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಬಿ.ವಿ. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಯಂತ್ರಕ್ಕೆ ಅದೆಲ್ಲ ಎಲ್ಲಿ ಗೊತ್ತು? ಅದಕ್ಕೆ ತೋರಿಸಿದ್ದನ್ನು ಅದು ನಮಗೆ ತೋರಿಸುತ್ತದೆ.

ಇನ್ನು ಮನೆಯ ಮಾತಿಗೆ ಬರೋಣ. ಈ ಯಂತ್ರ ಮನೆಗೆ ಬಂದದ್ದು ಹೇಗೆ?

ಮೊದಲು ಇದು ದೊಡ್ಡ ಕಂಪನಿಗಳ ಹತ್ತಿರ ಮಾತ್ರ ಇತ್ತು. 2022ರ ಆಗಸ್ಟ್‌ನಲ್ಲಿ ‘ಸ್ಟೇಬಲ್ ಡಿಫ್ಯೂಷನ್’ ಎಂಬ ಯಂತ್ರವನ್ನು ಎಲ್ಲರಿಗೂ ಬಿಟ್ಟರು. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ಸಂಶೋಧಕರೂ ಕೆಲವು ಕಂಪನಿಗಳೂ ಸೇರಿ ಮಾಡಿದ್ದು ಅದು. ಯಂತ್ರ ಅಂದರೆ ಕಬ್ಬಿಣದ್ದಲ್ಲ. ಕಂಪ್ಯೂಟರಿನೊಳಗೆ ಇಟ್ಟುಕೊಳ್ಳುವ ಒಂದು ಕಡತ. ಸುಮಾರು ನಾಲ್ಕು ಜಿಬಿ. ಫೋನಿನಲ್ಲಿ ಎರಡು ಮೂರು ಸಿನಿಮಾ ತುಂಬಿಕೊಂಡರೆ ಎಷ್ಟು ಜಾಗ ಹಿಡಿಯುತ್ತದೋ ಅಷ್ಟು. 500 ಕೋಟಿ ಚಿತ್ರದ ಸಂಗ್ರಹದಿಂದ ಕಲಿತದ್ದೆಲ್ಲ ಅಷ್ಟರಲ್ಲಿ ಅಡಗಿದೆ. ಅದನ್ನು ಇಳಿಸಿಕೊಳ್ಳೋಕೆ ದುಡ್ಡು ಕೊಡಬೇಕಾಗಿಲ್ಲ.

ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಎಳೆದಾಡುತ್ತದೆ. ಒಂದು ಚಿತ್ರಕ್ಕೆ ಎಷ್ಟೋ ನಿಮಿಷ. ಬೇಗ ಆಗಬೇಕಾದರೆ ‘ಗ್ರಾಫಿಕ್ಸ್ ಕಾರ್ಡ್’ ಅಂತ ಒಂದು ಭಾಗ ಬೇಕು. ಹುಡುಗರು ಕಂಪ್ಯೂಟರಿನಲ್ಲಿ ಆಟ ಆಡೋಕೆ ಹಾಕಿಸಿಕೊಳ್ಳುತ್ತಾರಲ್ಲ, ಅದೇ. ಎಸ್.ಪಿ. ರೋಡಿನಲ್ಲಿ ಹೊಸದೂ ಸಿಗುತ್ತದೆ, ಹಳೆಯದೂ ಸಿಗುತ್ತದೆ. ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ. ಮಗ “ಓದೋಕೆ ಬೇಕು” ಅಂತ ಕಾರ್ಡು ಕೇಳಿದರೆ, ಯಾವ ಓದಿಗೆ ಅಂತ ಕೇಳಿ. ನಿಜವಾಗಿ ಓದಿಗೇ ಬೇಕಾಗಿರಲೂಬಹುದು. ಕೇಳೋದರಲ್ಲಿ ತಪ್ಪಿಲ್ಲ.

ಕರೆಂಟಿನ ಲೆಕ್ಕವನ್ನೂ ಹಾಕೋಣ. ಚಿತ್ರ ಮಾಡುವಾಗ ಅಂಥ ಕಂಪ್ಯೂಟರು 300 ವ್ಯಾಟ್ ತಗೊಂಡಿತು ಅಂತ ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆ ಓಡಿದರೆ 1,200. ಅಂದರೆ ಒಂದೂ ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಇಷ್ಟು ಅಂತ ಯೂನಿಟ್ ಗೊತ್ತು ಮಾಡಿದ್ದಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು. ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಏಕಾಏಕಿ ಮೊತ್ತ ಕಂಡರೆ ಫ್ರಿಜ್ಜಿನ ಮೇಲೆ ಮಾತ್ರ ಅನುಮಾನ ಪಡಬೇಡಿ. ಬಿಲ್ಲನ್ನು ಈಗ ನೀವೇ ಓದಬಲ್ಲಿರಿ. ‘ಬಳಸಿದ ಯೂನಿಟ್’ ಅನ್ನೋ ಸಾಲು ನೋಡಿ.

ಫೋನಿನ ಆ್ಯಪಿಗೂ ಮನೆಯ ಯಂತ್ರಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. 2025ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಜೆಮಿನಿಯಲ್ಲಿ ಸೀರೆ ಚಿತ್ರ ಮಾಡಿಸಿಕೊಳ್ಳುವ ಹುಚ್ಚು ಎಲ್ಲ ಕಡೆ ಹಬ್ಬಿತ್ತು. ನೆನಪಿದೆಯಾ? ಹೆಣ್ಣುಮಕ್ಕಳು ತಮ್ಮ ಫೋಟೊ ಕೊಟ್ಟರು. ಹಳೇ ಸಿನಿಮಾದ ನಾಯಕಿಯ ಥರ ಸೀರೆ ಉಟ್ಟ ಚಿತ್ರ ಬಂತು. ಚೆನ್ನಾಗಿಯೇ ಇತ್ತು. ಆದರೆ ಆಗ ನಮ್ಮ ಫೋಟೊ ನಮ್ಮ ಫೋನು ಬಿಟ್ಟು ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಮನೆಯ ಯಂತ್ರದಲ್ಲಿ ಹಾಗಲ್ಲ. ಇಂಟರ್‌ನೆಟ್ ತೆಗೆದರೂ ಅದು ನಡೆಯುತ್ತದೆ. ಚಿತ್ರ ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಉಳಿಯುತ್ತದೆ.

ಇದು ಒಳ್ಳೆಯದು. ಇದೇ ಕೆಟ್ಟದ್ದೂ ಹೌದು. ಹೆಸರಾಂತ ಕಂಪನಿಗಳ ಯಂತ್ರಕ್ಕೆ “ಹೆಂಗಸಿನ ಬತ್ತಲೆ ಚಿತ್ರ ಮಾಡು” ಅಂದರೆ ಸಾಮಾನ್ಯವಾಗಿ “ಆಗಲ್ಲ” ಅನ್ನುತ್ತದೆ. ಹಾಗೆ ಕಟ್ಟುಪಾಡು ಹಾಕಿರುತ್ತಾರೆ. ಮನೆಯ ಯಂತ್ರದಲ್ಲೂ ಅಂಥ ಒಂದು ಜರಡಿ ಇಟ್ಟು ಕೊಟ್ಟಿದ್ದರು. ಆದರೆ ಕಂಪ್ಯೂಟರ್ ಬಲ್ಲವರು ಆ ಜರಡಿಯನ್ನು ತೆಗೆದುಹಾಕಬಹುದು. ತೆಗೆದರೆ ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ಆ ಕೋಣೆಯ ಬಾಗಿಲ ಮುಂದೆ ದಿನಾ ಕಸ ಗುಡಿಸುವವರು ನೀವು. ಅದಕ್ಕೇ ನಾನು ಈ ಮಾತನ್ನು ಇಂಜಿನಿಯರುಗಳ ಮುಂದೆ ಆಡದೆ ನಿಮ್ಮ ಮುಂದೆ ಆಡುತ್ತಿದ್ದೇನೆ.

ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ಮನೆಯಲ್ಲಿ ಬ್ಲೌಸ್ ಹೊಲಿಯುವವರು ನಿಮ್ಮಲ್ಲಿ ಇದ್ದೀರಿ. ಬೆನ್ನಿಗೆ ಯಾವ ಡಿಸೈನು, ತೋಳಿಗೆ ಯಾವ ಆರಿ ವರ್ಕು ಅಂತ ಗಿರಾಕಿಗೆ ತೋರಿಸೋಕೆ ಇದು ಉಪಯೋಗ. ನವಿಲು ಬೇಕಾ, ಮಾವಿನಕಾಯಿ ಬೇಕಾ, ನಿಮಿಷದಲ್ಲಿ ಹತ್ತು ಬಗೆ ಕಾಣಬಹುದು. ಹಬ್ಬದ ರಂಗೋಲಿಗೂ ಆಗುತ್ತದೆ. ಆದರೆ ಒಂದು ಎಚ್ಚರ. ಈಗ ಗಿರಾಕಿಗಳೇ ಇಂಥ ಚಿತ್ರ ತಂದು “ಹೀಗೇ ಹೊಲಿದುಕೊಡಿ” ಅಂತಾರೆ. ಚಿತ್ರದಲ್ಲಿ ತೋಳು ಹೋಗಿ ಸೆರಗಿನಲ್ಲಿ ಸೇರಿಕೊಂಡಿರುತ್ತದೆ. ಹುಕ್ಕು ಎಲ್ಲೂ ಇಲ್ಲ. ಟಕ್ಸು ಎಲ್ಲಿ ಹಿಡಿಯಬೇಕು ಗೊತ್ತಾಗಲ್ಲ. ಯಂತ್ರಕ್ಕೆ ಬಟ್ಟೆ ಗೊತ್ತಿಲ್ಲ, ಬಟ್ಟೆಯ ಚಿತ್ರ ಮಾತ್ರ ಗೊತ್ತು. ಅಳತೆ ತಗೊಳ್ಳುವ ಮೊದಲೇ “ಇದು ಹೊಲಿಯೋಕೆ ಬರಲ್ಲ ಕಣಮ್ಮ, ಹತ್ತಿರ ಹತ್ತಿರ ಮಾಡಿಕೊಡ್ತೀನಿ” ಅಂತ ಹೇಳಿಬಿಡಿ. ಆಮೇಲೆ ಜಗಳ ಇರೋದಿಲ್ಲ.

ಸುಳ್ಳು ಚಿತ್ರವನ್ನು ಗುರುತಿಸೋದು ಹೇಗೆ? ಮೊದಮೊದಲು ಸುಲಭ ಇತ್ತು. ಕೈಗೆ ಆರು ಬೆರಳು ಬರೆಯುತ್ತಿತ್ತು. ಈಗ ಬೆರಳು ಸರಿಯಾಗಿ ಬರೆಯೋದು ಕಲಿತಿದೆ. ಅಕ್ಷರದಲ್ಲಿ ಮಾತ್ರ ಇನ್ನೂ ಎಡವುತ್ತದೆ. ಇಂಗ್ಲಿಷ್ ಅಕ್ಷರ ಈಚೆಗೆ ಸುಧಾರಿಸಿದೆ. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘ ಅಂದರೆ ಅನೇಕ ಯಂತ್ರಗಳಿಗೆ ಗೋಳು. ಅಂಗಡಿ ಬೋರ್ಡು ಬರೆ ಅಂದರೆ ಕನ್ನಡದ ಹಾಗೆ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಸುರುಳಿ ಬರೆದುಬಿಡುತ್ತದೆ. ಹಾಗಾಗಿ ಅನುಮಾನದ ಚಿತ್ರ ಬಂದರೆ ಅದರಲ್ಲಿರುವ ಬೋರ್ಡನ್ನು, ಬಸ್ಸಿನ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿ. ಓದು ಬಾರದವರಿಗೆ ಇದು ಕಾಣುವುದಿಲ್ಲ. ನಿಮಗೆ ಕಾಣುತ್ತದೆ. ಆದರೆ ಅಕ್ಷರ ಸರಿಯಿದ್ದರೆ ಚಿತ್ರ ನಿಜ ಅಂತ ತಿಳಿಯಬೇಡಿ. ಇದೂ ಒಂದು ದಿನ ಕಲಿತುಬಿಡುತ್ತದೆ. ಯಾರು ಕಳಿಸಿದರು, ಯಾಕೆ ಕಳಿಸಿದರು ಅಂತ ಕೇಳಿಕೊಳ್ಳೋದು ಇನ್ನೂ ಗಟ್ಟಿ. ದುಡ್ಡು ಹಾಕಿ ಅಂತ ಹೇಳುವ ದೊಡ್ಡ ಮನುಷ್ಯರ ವಿಡಿಯೊ ಅಂತೂ ನಂಬಲೇಬೇಡಿ. ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮುಖ, ದನಿ ಹಾಕಿ ಇಂಥ ವಿಡಿಯೊ ಮಾಡಿದ್ದರು. ಅವು ಸುಳ್ಳು ಅಂತ 2023ರ ಡಿಸೆಂಬರಿನಲ್ಲಿ ಅವರೇ ಹೇಳಬೇಕಾಯಿತು.

ಈಗ ಕಷ್ಟದ ಮಾತು. ಇದನ್ನು ಆಡದೆ ಹೋದರೆ ಇವತ್ತು ಸೇರಿದ್ದು ದಂಡ.

2023ರ ನವೆಂಬರಿನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರದು ಅಂತ ಒಂದು ವಿಡಿಯೊ ಬಂತು. ಅವರು ನಮ್ಮ ಕೊಡಗಿನ ಹೆಣ್ಣುಮಗಳು. ವಿಡಿಯೊದಲ್ಲಿ ಇದ್ದದ್ದು ಬೇರೆ ಹೆಂಗಸು. ಮುಖ ಮಾತ್ರ ತೆಗೆದು ಇವರ ಮುಖ ಕೂರಿಸಿದ್ದರು. ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆಂಧ್ರದ ಒಬ್ಬ ಯುವಕನನ್ನು ಹಿಡಿದರು. ವಿಡಿಯೊ ಬಂದಾಗ ರಶ್ಮಿಕಾ ಒಂದು ಮಾತು ಬರೆದಿದ್ದರು. ತಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗುವುದಿಲ್ಲ ಅಂತ. ಅವರಿಗೆ ಹೆಸರಿತ್ತು, ಜನ ಇದ್ದರು, ದೇಶವೇ ಮಾತಾಡಿತು. ಬಾಪೂಜಿ ನಗರದ ಹತ್ತನೇ ಕ್ಲಾಸಿನ ಹುಡುಗಿಗೆ ಯಾರಿದ್ದಾರೆ?

ಅವಳ ಒಂದು ಫೋಟೊ ಸಾಕು. ಮದುವೆಮನೆಯಲ್ಲಿ ತೆಗೆದದ್ದು, ಸ್ಟೇಟಸ್‌ಗೆ ಹಾಕಿದ್ದು. ಒಬ್ಬ ಹುಡುಗ ತಮಾಷೆಗೋ ಸೇಡಿಗೋ ಮನೆಯಲ್ಲಿ ಕೂತು ಆ ಮುಖವನ್ನು ಬೇರೆ ಮೈಗೆ ಅಂಟಿಸಬಹುದು. ನಮ್ಮ ಬೀದಿಯ ಮನೆಗಳು ಹೇಗಿವೆ? ಗೋಡೆಗೆ ಗೋಡೆ ತಾಗಿವೆ. ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಗೆ ಗೊತ್ತಾಗುತ್ತದೆ. ಅಂಥ ಚಿತ್ರ ಎಷ್ಟು ಬೇಗ ಹರಡುತ್ತದೆ ಯೋಚಿಸಿ.

ಆಗ ಮೊದಲ ಏಟು ಯಾರಿಗೆ ಬೀಳುತ್ತದೆ? ಹುಡುಗಿಗೆ. “ನೀನು ಯಾಕೆ ಫೋಟೊ ಹಾಕಿದೆ?” ಅಂತ. ಫೋನು ಕಿತ್ತುಕೊಳ್ಳುತ್ತಾರೆ. ಆಮೇಲೆ ಶಾಲೆ ಬಿಡಿಸುತ್ತಾರೆ. ಇಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಚಿಕ್ಕಂದಿನಲ್ಲಿ ಶಾಲೆ ಬಿಡಿಸಿದ್ದರು ಅಂತ ನಾನು ಕೈ ಎತ್ತಲು ಹೇಳುವುದಿಲ್ಲ. ನಿಮಗೇ ಗೊತ್ತು. ನಾವು ಮೈನೆರೆದದ್ದಕ್ಕೆ ಬಿಡಿಸಿದರು, ದೂರ ಅಂತ ಬಿಡಿಸಿದರು, ತಮ್ಮನನ್ನು ನೋಡಿಕೊಳ್ಳೋಕೆ ಅಂತ ಬಿಡಿಸಿದರು. ಯಾವನೋ ಒಬ್ಬ ಕಂಪ್ಯೂಟರಿನಲ್ಲಿ ಮಾಡಿದ ಸುಳ್ಳು ಚಿತ್ರಕ್ಕೆ ನಮ್ಮ ಹೆಣ್ಣುಮಕ್ಕಳ ಓದು ನಿಲ್ಲಬೇಕಾ?

ಮಗಳು ಅಳುತ್ತಾ ಬಂದರೆ ಮೊದಲು ಹೇಳಬೇಕಾದದ್ದು ಇಷ್ಟು: “ಇದು ನಿನ್ನ ಮೈ ಅಲ್ಲ. ನನಗೆ ಗೊತ್ತು.” ಮಿಕ್ಕಿದ್ದು ಆಮೇಲೆ. ಇಂಥ ಚಿತ್ರ ಇಟ್ಟುಕೊಂಡು ದುಡ್ಡು ಕೇಳುವವರೂ ಇದ್ದಾರೆ. ಒಂದು ಪೈಸೆ ಕೊಡಬೇಡಿ. ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾರೆ.

ಗಂಡುಮಕ್ಕಳ ತಾಯಂದಿರಿಗೂ ಒಂದು ಮಾತು. ಮಗನ ಕೋಣೆಗೆ ಹೋಗಿ “ಏನು ಬರೆಸ್ತಾ ಇದ್ದೀಯಪ್ಪಾ, ನನಗೂ ತೋರಿಸು” ಅನ್ನಿ. ಒಳ್ಳೆಯದಾಗಿದ್ದರೆ ಖುಷಿಯಿಂದ ತೋರಿಸುತ್ತಾನೆ. ಕುದುರೆ, ಬೆಟ್ಟ, ರಾಕೆಟ್ಟು, ಏನೇನೋ ಮಾಡಿರುತ್ತಾನೆ. ಮೆಚ್ಚಿಕೊಳ್ಳಿ. ನೀವು ಬಂದ ಕೂಡಲೇ ಪರದೆ ಮುಚ್ಚಿದರೆ ಕೂತು ಮಾತಾಡಿ. “ಮನೆಯಲ್ಲಿ ಮಾಡಿದ್ದು, ಸುಳ್ಳು ಚಿತ್ರ, ಅದಕ್ಕೇನು ಕೇಸು” ಅಂತ ಹುಡುಗರು ತಿಳಿದಿದ್ದಾರೆ. ಹಾಗಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಅಂತ ಇದೆ. ಅದರ 67ಎ ಕಲಮಿನ ಪ್ರಕಾರ ಲೈಂಗಿಕ ಚಿತ್ರವನ್ನು ಫೋನಿನಲ್ಲೋ ಇಂಟರ್‌ನೆಟ್ಟಿನಲ್ಲೋ ಹಂಚಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಹುಡುಗಿಗೆ 18 ತುಂಬದಿದ್ದರೆ ಪೋಕ್ಸೋ ಕಾಯ್ದೆಯೂ ಸೇರುತ್ತದೆ.

ದೂರು ಎಲ್ಲಿ ಕೊಡಬೇಕು? ಯಾವ ಪೊಲೀಸ್ ಠಾಣೆಗೆ ಬೇಕಾದರೂ ಹೋಗಬಹುದು. ಬೆಂಗಳೂರಿನಲ್ಲಿ ಸೈಬರ್ ಅಪರಾಧದ ದೂರು ತಗೊಳ್ಳುವ ‘ಸೆನ್’ ಠಾಣೆಗಳಿವೆ.  ಕೇಂದ್ರ ಸರ್ಕಾರದ ಸೈಬರ್ ಅಪರಾಧದ ಜಾಲತಾಣದಲ್ಲಿ ಹೆಂಗಸರ, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ದೂರು ಹಾಕಬಹುದು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಮಹಿಳಾ ಸಹಾಯವಾಣಿ 181. ತುರ್ತಿಗೆ 112. ಚಿತ್ರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಥರದ ಕಡೆ ಬಂದಿದ್ದರೆ ಅಲ್ಲೇ ‘ರಿಪೋರ್ಟ್’ ಅಂತ ಇರುತ್ತದೆ, ಒತ್ತಿ. ಮುಖ ಬದಲಿಸಿದ ಇಂಥ ಚಿತ್ರವನ್ನು ದೂರು ಬಂದ ಮೇಲೆ ತೆಗೆಯೋಕೆ 2021ರ ನಿಯಮ ಕಂಪನಿಗಳಿಗೆ 24 ಗಂಟೆಯ ಗಡುವು ಹಾಕಿತ್ತು. ಅವರು ತಡಮಾಡುವ ಹಾಗಿಲ್ಲ.

ಸಿಟ್ಟಿನಲ್ಲಿ ಚಿತ್ರವನ್ನು ಅಳಿಸಿಬಿಡಬೇಡಿ. ಅದೇ ಸಾಕ್ಷಿ. ಕಳಿಸಿದವರ ನಂಬರು, ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಬೇರೆ ಯಾರಿಗೂ ಕಳಿಸಬೇಡಿ, ಅಣ್ಣನಿಗೂ ಅತ್ತಿಗೆಗೂ ಬೇಡ. ಪೊಲೀಸರಿಗೆ ಮಾತ್ರ ತೋರಿಸಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಬೇರೆಯವರ ಕೈಲಿ ಬರೆಸಬೇಕಾಗಿಲ್ಲ. ಇಷ್ಟು ಬರೆದರೆ ಸಾಕು:

“ಪೊಲೀಸ್ ಇನ್‌ಸ್ಪೆಕ್ಟರ್ ಅವರಿಗೆ. ಸ್ವಾಮಿ, ನಾನು ಬಾಪೂಜಿ ನಗರದ ನಿವಾಸಿ. ನನ್ನ ಮಗಳಿಗೆ ಇಷ್ಟು ವರ್ಷ ವಯಸ್ಸು. ಅವಳ ಮುಖದ ಫೋಟೊ ಬಳಸಿ ಕಂಪ್ಯೂಟರಿನಲ್ಲಿ ಅಶ್ಲೀಲವಾದ ಸುಳ್ಳು ಚಿತ್ರ ಮಾಡಿದ್ದಾರೆ. ಇಂಥ ದಿನ, ಇಂಥ ಹೊತ್ತಿಗೆ, ಈ ನಂಬರಿನಿಂದ ಅದು ಬಂದಿದೆ. ಚಿತ್ರ ನನ್ನ ಫೋನಿನಲ್ಲಿದೆ. ದೂರು ದಾಖಲಿಸಿಕೊಂಡು, ಮಾಡಿದವರನ್ನೂ ಹಂಚಿದವರನ್ನೂ ಪತ್ತೆ ಮಾಡಬೇಕೆಂದು ಕೋರುತ್ತೇನೆ. ಮಗಳ ಹೆಸರನ್ನು ಗುಟ್ಟಾಗಿ ಇಡಬೇಕು.”

ಕೆಳಗೆ ತಾರೀಖು ಹಾಕಿ. ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡಿ. ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಠಾಣೆಯ ಮುದ್ರೆ ಹಾಕಿಸಿಕೊಂಡು ಮನೆಗೆ ತನ್ನಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಕೇಳಿ ತಗೊಳ್ಳಿ, ಅಲ್ಲೇ ನಿಂತು ಓದಿ ನೋಡಿ.